ಎಂಜಿನ್ ಬಿಚ್ಚಬೇಕು ಅಂತಾರೆ, ಅದಕ್ಕೂ ಮೊದಲು ಪಿಸಿವಿ ವಾಲ್ವ್ ಮನೆಯಲ್ಲೇ ನೋಡಬಹುದಾ?

ಮಂಡಿ_ಲೆಕ್ಕ:
ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕ್ ಅಲ್ಲ, ಶಿವಮೊಗ್ಗದಲ್ಲಿ ಅಡಿಕೆ ಮಂಡಿಯ ಲೆಕ್ಕ ಬರೆಯುವವನು. 2010ರ ಪೆಟ್ರೋಲ್ ಕಾರು ಇದೆ. 1200 ಸಿಸಿ, ನಾಲ್ಕು ಸಿಲಿಂಡರ್, 94,000 ಕಿ.ಮೀ. ಓಡಿದೆ. ಆರು ತಿಂಗಳಿಂದ ಆಯಿಲ್ ಕುಡಿಯುತ್ತಿದೆ. 1,200 ಕಿ.ಮೀ.ಗೆ ಹೆಚ್ಚುಕಡಿಮೆ ಒಂದು ಲೀಟರ್ ಹಾಕುತ್ತಿದ್ದೇನೆ. ಎಂಜಿನ್ ಮೇಲಿನ ಟ್ಯಾಪೆಟ್ ಕವರ್ ಸುತ್ತ ಜಿಡ್ಡು, ಏರ್ ಫಿಲ್ಟರ್ ಡಬ್ಬಿಯೊಳಗೂ ಎಣ್ಣೆ. ಹೋದ ತಿಂಗಳು ಉಡುಪಿಯಿಂದ ಬರುವಾಗ ಆಗುಂಬೆ ಘಾಟಿ ಹತ್ತಿದ ಮೇಲೆ ಬಾನೆಟ್ ಎತ್ತಿ ನೋಡಿದರೆ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎರಡು ಇಂಚು ಮೇಲೆ ಬಂದು ನಿಂತಿತ್ತು. ನಾನೇ ಸರಿಯಾಗಿ ಒತ್ತಿರಲಿಲ್ಲವೇನೋ ಅಂದುಕೊಂಡು ಒತ್ತಿದೆ. ಮುಂದಿನ ವಾರ ಮತ್ತೆ ಅದೇ ಕಥೆ.

ಗ್ಯಾರೇಜ್‌ನವರು ಸೈಲೆನ್ಸರ್ ಹೊಗೆ ನೋಡಿದರು, "ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು, 42 ಸಾವಿರ" ಅಂದರು. ಬೇರೆ ಯಾವ ಪರೀಕ್ಷೆಯೂ ಇಲ್ಲ. ಕಾರು ಮಾರಿದರೆ ಒಂದೂವರೆ ಲಕ್ಷ ಬಂದರೆ ಪುಣ್ಯ, ಅದರಲ್ಲಿ 42 ಇಲ್ಲಿಗೇ ಹೋದರೆ ಏನು ಉಳಿಯಿತು? ಆಗ ಹೆಂಡತಿಯ ತಮ್ಮ ಫೋನಿನಲ್ಲಿ "ಭಾವ, ಪಿಸಿವಿ ವಾಲ್ವ್ ನೋಡಿಸಿದ್ರಾ?" ಅಂತ ಕೇಳಿದ. ಅದೇನು ಅಂತ ಕೇಳಿದರೆ ಅವನಿಗೂ ಪೂರ್ತಿ ಗೊತ್ತಿಲ್ಲ. ಇದನ್ನು ಮನೆಯಲ್ಲೇ ಬಿಚ್ಚಿ ನೋಡಬಹುದಾ? ನನ್ನ ಹತ್ತಿರ ಒಂದು ಸೆಟ್ ಪಾನಾ, ಕಟಿಂಗ್ ಪ್ಲೇಯರ್, ಸ್ಕ್ರೂ ಡ್ರೈವರ್ ಇದೆ. ಧೈರ್ಯ ಸ್ವಲ್ಪ ಕಡಿಮೆ.

ಸುಮ್ನೆ_ಬಂದೆ:
ಗಾಡಿ ಮಾರಿಬಿಡಿ ಸಾರ್. ಧೈರ್ಯ ಇಲ್ಲದವರು ಬಾನೆಟ್ ಎತ್ತಬಾರದು.

ಗ್ರೀಸ್_ಕೈ:
ಮೇಲಿನವರ ಮಾತು ಬಿಡಿ. ಹುಬ್ಬಳ್ಳಿಯಲ್ಲಿ 22 ವರ್ಷದಿಂದ ಇದೇ ಕೆಲಸ ಮಾಡ್ತಿದ್ದೇನೆ ರೀ. ಡಿಪ್‌ಸ್ಟಿಕ್ ತಾನಾಗಿ ಮೇಲೆ ಬರುತ್ತೆ ಅಂದರೆ ಎಂಜಿನ್ ಹೊಟ್ಟೆಯೊಳಗೆ ಒತ್ತಡ ತುಂಬಿಕೊಂಡಿದೆ ಅಂತ ಅರ್ಥ. ಒತ್ತಡ ಯಾಕೆ ತುಂಬುತ್ತೆ? ಒಂದೋ ಪಿಸ್ಟನ್ ಸುತ್ತ ಇರೋ ರಿಂಗ್ ಸವೆದು ಗಾಳಿ ಜಾಸ್ತಿ ಇಳೀತಿದೆ, ಇಲ್ಲ ಇಳಿದ ಗಾಳಿ ಹೊರಗೆ ಹೋಗೋ ದಾರಿ, ಅಂದರೆ ಪಿಸಿವಿ ವಾಲ್ವ್, ಕಟ್ಟಿದೆ. ಮೊದಲನೇದಕ್ಕೆ 42 ಸಾವಿರ, ಎರಡನೇದಕ್ಕೆ 300 ರೂಪಾಯಿ. ಯಾವುದನ್ನು ಮೊದಲು ನೋಡಬೇಕು ನೀವೇ ಹೇಳಿ. ಲೆಕ್ಕ ಬರೆಯೋರಲ್ವಾ.

ಆಯಿಲ್ ಹಾಕೋ ಮುಚ್ಚಳ ತೆಗೆದು ಒಳಮೈ ಹೇಗಿದೆ ನೋಡಿ ಹೇಳಿ. ಕಾರು ಯಾವ ಕಂಪನಿ?

ಮಂಡಿ_ಲೆಕ್ಕ:
ಕಂಪನಿ ಹೆಸರು ಬೇಡ ಬಿಡಿ ಸಾರ್, ಹೇಳಿದರೆ ಚರ್ಚೆ ಪೂರ್ತಿ ಆ ಕಡೆ ಹೊರಳುತ್ತೆ, ನನ್ನ ಡಿಪ್‌ಸ್ಟಿಕ್ ಅಲ್ಲೇ ಇರುತ್ತೆ. ಮುಚ್ಚಳ ತೆಗೆದೆ. ಒಳಗೆ ಬಿಳಿ ಹಳದಿ ಬಣ್ಣದ ಲೋಳೆ, ಬೆಣ್ಣೆ ಕಾಯಿಸುವಾಗ ಮೇಲೆ ಬರುವ ನೊರೆ ಥರ ಇದೆ.

ಕರಾವಳಿ_ಕಾರು:
ಅಯ್ಯೋ, ಬಿಳಿ ಲೋಳೆ ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಮಾರಾಯ್ರೆ! ಎಂಜಿನ್ ತಂಪು ಮಾಡೋ ಕೂಲೆಂಟ್ ನೀರು ಆಯಿಲ್ ಜೊತೆ ಸೇರಿದೆ. ಗಾಡಿ ಓಡಿಸಲೇಬೇಡಿ.

ವರ್ಕ್‌ಶಾಪ್_ಮೇಡಂ:
ಸುಮ್ನೆ ಹೆದರಿಸಬೇಡಿ. ಹೆಡ್ ಗ್ಯಾಸ್ಕೆಟ್ ಹೋದರೂ ಲೋಳೆ ಬರುತ್ತದೆ, ನಿಜ. ಆದರೆ ಮಲೆನಾಡಿನಲ್ಲಿ, ಮಳೆಗಾಲದಲ್ಲಿ, ದಿನಾ ಎರಡು ಮೂರು ಕಿ.ಮೀ. ಓಡಿ ನಿಲ್ಲುವ ಗಾಡಿಯಲ್ಲಿ ಇದು ಬರದಿದ್ದರೇ ಆಶ್ಚರ್ಯ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಲ್ಲಿ ಹೋಗುತ್ತದೆ. ಸ್ವಲ್ಪ ಪಿಸ್ಟನ್ ಪಕ್ಕದಿಂದ ಕೆಳಗೆ ಇಳಿದು ಆಯಿಲ್ ಇರುವ ಜಾಗ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೊರಗೆ ಹೋಗಬೇಕು. ಎಂಜಿನ್ ಕಾಯಲೇ ಇಲ್ಲ, ಹೋಗುವ ದಾರಿಯೂ ಕಟ್ಟಿದೆ ಅಂದರೆ ತಣ್ಣಗಿರುವ ಮುಚ್ಚಳಕ್ಕೆ ಬಂದು ಅಂಟುತ್ತದೆ.

ಕೂಲೆಂಟ್ ಡಬ್ಬಿಯ ಮಟ್ಟ ಇಳಿಯುತ್ತಿದೆಯಾ ನೋಡಿ. ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದೆಯಾ ನೋಡಿ. ಎರಡೂ ಇಲ್ಲ ಅಂದರೆ ಮೊದಲು ಪಿಸಿವಿ ಕಡೆ ಹೋಗಿ.

ಮಂಡಿ_ಲೆಕ್ಕ:
ಕೂಲೆಂಟ್ ಇಳಿದಿಲ್ಲ ಮೇಡಂ. ಆಯಿಲ್ ಕಪ್ಪಗೇ ಇದೆ, ಕಾಫಿ ಬಣ್ಣ ಇಲ್ಲ. ಮನೆಯಿಂದ ಮಂಡಿಗೆ ಮೂರು ಕಿ.ಮೀ., ಅಷ್ಟೇ ದಿನದ ಓಡಾಟ. ಒಂದು ಪ್ರಶ್ನೆ, ಈ ವಾಲ್ವ್ ಇರೋದಾದರೂ ಯಾಕೆ? ಎಂಜಿನ್ ಒಳಗಿನ ಹೊಗೆ ಹೊರಗೆ ಬಿಡೋಕೆ ಒಂದು ತೂತು ಸಾಲದಾ?

ವರ್ಕ್‌ಶಾಪ್_ಮೇಡಂ:
ಒಳ್ಳೆ ಪ್ರಶ್ನೆ. ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ಕುಕ್ಕರ್ ತೋರಿಸಿಯೇ ಇದನ್ನು ಹೇಳುತ್ತಿದ್ದೆ. ಪಿಸ್ಟನ್ ರಿಂಗು ಎಷ್ಟೇ ಹೊಸದಿರಲಿ, ಸ್ವಲ್ಪ ಅನಿಲ ಪಕ್ಕದಿಂದ ಕೆಳಗೆ ಇಳಿದೇ ಇಳಿಯುತ್ತದೆ. ಇದಕ್ಕೆ ಬ್ಲೋ ಬೈ ಅನ್ನುತ್ತಾರೆ. ಅದರಲ್ಲಿ ಉರಿಯದ ಪೆಟ್ರೋಲ್, ನೀರಿನ ಆವಿ, ಆಮ್ಲ ಎಲ್ಲ ಇರುತ್ತದೆ. ಅದು ಕ್ರ್ಯಾಂಕ್‌ಕೇಸ್‌ನಲ್ಲೇ, ಅಂದರೆ ಎಂಜಿನ್ ಕೆಳಗೆ ಆಯಿಲ್ ಇರುವ ಜಾಗದಲ್ಲೇ, ಉಳಿದರೆ ಆಯಿಲ್ ಹಾಳಾಗಿ ಕೆಸರಾಗುತ್ತದೆ, ಒತ್ತಡವೂ ಏರುತ್ತದೆ. ಕುಕ್ಕರಿನ ವಿಷಲ್ ಬಾಯಿಗೆ ಬೇಳೆ ಸಿಕ್ಕಿಕೊಂಡರೆ ಏನಾಗುತ್ತದೆ? ಸೇಫ್ಟಿ ವಾಲ್ವ್ ಹಾರಿ ಸಾರು ಸೂರಿಗೆ. ನಿಮ್ಮ ಗಾಡಿಯಲ್ಲಿ ಡಿಪ್‌ಸ್ಟಿಕ್ಕೇ ಆ ಸೇಫ್ಟಿ ವಾಲ್ವ್ ಆಗಿದೆ. ಅದೂ ಗಟ್ಟಿಯಾಗಿ ಕೂತಿದ್ದರೆ ಆಯಿಲ್ ಸೀಲು, ಗ್ಯಾಸ್ಕೆಟ್ಟು ಎಲ್ಲಿ ಬಲಹೀನವೋ ಅಲ್ಲಿ ಎಣ್ಣೆ ಹೊರಗೆ.

ಹಳೇ ಕಾಲದ ಕಾರುಗಳಲ್ಲಿ ನೀವು ಹೇಳಿದ ತೂತೇ ಇತ್ತು. ಒಂದು ಪೈಪು ಎಂಜಿನ್ ಕೆಳಗೆ ರಸ್ತೆ ಕಡೆ ಬಿಟ್ಟಿರುತ್ತಿದ್ದರು. ಗಾಡಿ ಓಡುವಾಗ ಪೈಪಿನ ಬಾಯಿಯ ಹತ್ತಿರ ಬೀಸುವ ಗಾಳಿಯೇ ಹೊಗೆಯನ್ನು ಎಳೆಯುತ್ತಿತ್ತು. ಗಾಡಿ ನಿಂತರೆ ಎಳೆತವೂ ನಿಂತಿತು. ಎರಡನೇ ಮಹಾಯುದ್ಧದ ಟ್ಯಾಂಕುಗಳು ನೀರಿಗೆ ಇಳಿಯುವಾಗ ಆ ಪೈಪಿನಲ್ಲೇ ನೀರು ಏರುವ ಭಯ, ಅದಕ್ಕೆ ಅವುಗಳಲ್ಲಿ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಎಳೆಸುವ ಏರ್ಪಾಡು ಮಾಡಿದರು. ಆಮೇಲೆ ಲಾಸ್ ಏಂಜಲೀಸ್‌ನ ಹೊಗೆಮಂಜಿನ ಗಲಾಟೆ ಆಯಿತಲ್ಲ, 1961ರ ಮಾಡೆಲ್‌ನಿಂದ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ, 1963ರ ಹೊತ್ತಿಗೆ ಅಮೆರಿಕ ಪೂರ್ತಿ ಇದು ಬಂತು. ಕಾರಿನ ಮಾಲಿನ್ಯ ತಡೆಯಲು ಹಾಕಿದ ಮೊದಮೊದಲ ಭಾಗಗಳಲ್ಲಿ ಇದೂ ಒಂದು.

ಜಯನಗರ_4ನೇ_ಬ್ಲಾಕ್:
ಇನ್ನು ವಾಲ್ವ್ ಬಗ್ಗೆ ನಾನು ಹೇಳ್ತೀನಿ. ಒಳಗೆ ಒಂದು ಸ್ಪ್ರಿಂಗು, ಒಂದು ಗುಂಡುಸೂಜಿ ಥರದ ಪಿನ್ನು ಅಷ್ಟೇ. ಎಂಜಿನ್ ಜೋರಾಗಿ ಎಳೆದಷ್ಟೂ ವಾಲ್ವ್ ಜಾಸ್ತಿ ತೆರೆಯುತ್ತೆ, ನಿಧಾನಕ್ಕೆ ಎಳೆದರೆ ಮುಚ್ಚುತ್ತೆ.

ಗ್ರೀಸ್_ಕೈ:
ಉಲ್ಟಾ ಹೇಳಿದ್ರಿ ಅಣ್ಣ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಸುಮ್ನೆ ಓಡುವಾಗ, ಎಂಜಿನ್ನಿಗೆ ಗಾಳಿ ಹೋಗೋ ಮ್ಯಾನಿಫೋಲ್ಡ್ ಪೈಪಿನ ಎಳೆತ ಜೋರು. ಆ ಎಳೆತಕ್ಕೆ ಪಿನ್ನು ಮುಂದೆ ಹೋಗಿ ದಾರಿ ಸಣ್ಣದಾಗುತ್ತೆ. ಆಗದಿದ್ದರೆ ಲೆಕ್ಕ ಇಲ್ಲದಷ್ಟು ಗಾಳಿ ಒಳಗೆ ನುಗ್ಗಿ ಎಂಜಿನ್ ನಡುಗುತ್ತೆ. ಸಮನಾಗಿ 60ರಲ್ಲಿ ಹೋಗುವಾಗ ಎಳೆತ ಕಡಿಮೆ, ಪಿನ್ನು ಹಿಂದೆ ಸರಿದು ದಾರಿ ದೊಡ್ಡದು. ಎಂಜಿನ್ ಬ್ಯಾಕ್‌ಫೈರ್ ಹೊಡೆದರೆ ಪಿನ್ನು ಪೂರ್ತಿ ಹಿಂದೆ ಕೂತು ಬಾಗಿಲು ಹಾಕುತ್ತೆ, ಬೆಂಕಿ ಆಯಿಲ್ ಜಾಗಕ್ಕೆ ಹೋಗಬಾರದು ಅಂತ.

ಜಯನಗರ_4ನೇ_ಬ್ಲಾಕ್:
ಸರಿ ಸರಿ, ಒಪ್ಪಿದೆ. ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ದಾರಿ ದೊಡ್ಡದೇ ಇರುತ್ತಲ್ಲ, ಹಾಗಾದರೆ ಆಗುಂಬೆ ಘಾಟಿಯಲ್ಲಿ ಡಿಪ್‌ಸ್ಟಿಕ್ ಯಾಕೆ ಹಾರಿತು?

ವರ್ಕ್‌ಶಾಪ್_ಮೇಡಂ:
ಬಾಗಿಲು ದೊಡ್ಡದಿದ್ದರೂ ಎಳೆಯುವವರು ಇರಬೇಕಲ್ಲ. ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮ್ಯಾನಿಫೋಲ್ಡ್ ಎಳೆತ ಹೆಚ್ಚುಕಡಿಮೆ ಸೊನ್ನೆ. ಅದೇ ಹೊತ್ತಿಗೆ ಬ್ಲೋ ಬೈ ಅತಿ ಜಾಸ್ತಿ. ಏರ್ ಫಿಲ್ಟರ್‌ನಿಂದ ಕ್ರ್ಯಾಂಕ್‌ಕೇಸ್‌ಗೆ ಹೊಸ ಗಾಳಿ ತರುವ ಇನ್ನೊಂದು ಪೈಪ್ ಇದೆ, ಆಗ ಹೆಚ್ಚಾದ ಅನಿಲ ಅದರಲ್ಲೇ ಹಿಂದೆ ತಿರುಗಿ ಏರ್ ಫಿಲ್ಟರ್ ಕಡೆ ಹೋಗುತ್ತದೆ. ಅವರ ಫಿಲ್ಟರ್ ಡಬ್ಬಿಯಲ್ಲಿ ಎಣ್ಣೆ ಇರುವುದು ಅದಕ್ಕೇ. ಆ ಪೈಪೂ ಅರ್ಧ ಕಟ್ಟಿದ್ದರೆ ಡಿಪ್‌ಸ್ಟಿಕ್ ಹಾರುತ್ತದೆ. ಹಾಗಾಗಿ ಎರಡು ಪೈಪನ್ನೂ ನೋಡಿ, ಬರೀ ವಾಲ್ವ್ ನೋಡಿ ಬಿಡಬೇಡಿ.

ಜಯನಗರ_4ನೇ_ಬ್ಲಾಕ್:
ಎಳೆತದ ವಿಷಯ ಬಂತು ಅಂತ ಒಂದು ಮಾತು. ನಾನು ಗೇಜ್ ತಂದು ಮ್ಯಾನಿಫೋಲ್ಡ್ ಎಳೆತ ಅಳೆದೆ, ಪಾದರಸದ ಲೆಕ್ಕದಲ್ಲಿ 16 ಇಂಚು ಬಂತು. ಪುಸ್ತಕದಲ್ಲಿ 17ರಿಂದ 21 ಅಂತಿತ್ತು. ಎರಡು ದಿನ ನಿದ್ದೆ ಇಲ್ಲ, ಗಾಳಿ ಲೀಕ್ ಹುಡುಕಿದ್ದೇ ಹುಡುಕಿದ್ದು. ಆಮೇಲೆ ಗೊತ್ತಾಯಿತು, ಪುಸ್ತಕದ ಲೆಕ್ಕ ಸಮುದ್ರ ಮಟ್ಟದ್ದು. ಸಾವಿರ ಅಡಿ ಮೇಲೆ ಹೋದರೆ ಸುಮಾರು ಒಂದು ಇಂಚು ಕಡಿಮೆ. ಬೆಂಗಳೂರು ಮೂರು ಸಾವಿರ ಅಡಿ. ನನ್ನ ಎಂಜಿನ್ ಸರಿಯಾಗೇ ಇತ್ತು, ತಲೆ ಸರಿ ಇರಲಿಲ್ಲ.

ಸುಮ್ನೆ_ಬಂದೆ:
ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ತಲೆಗೆ ಸ್ಪೇರ್ ಸಿಗಲ್ವಾ?

ಜುಗ್ಗ_ಅಲ್ಲ_ಜಾಣ:
ಮಂಡಿ ಸಾರ್, ನನ್ನ ಸಲಹೆ. ಹೊಸ ವಾಲ್ವ್ ತಗೋಬೇಡಿ. ಬಿಚ್ಚಿ ಜಿಡ್ಡು ಕರಗಿಸೋ ಕಾರ್ಬ್ ಕ್ಲೀನರ್ ಹೊಡೆದು, ಅರ್ಧ ಗಂಟೆ ನೆನೆಸಿ, ಒಣಗಿಸಿ ಹಾಕಿ. ನಾನು ಮೂರು ಸಲ ಹೀಗೇ ಮಾಡಿದ್ದೇನೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅಂತ ಸದ್ದು ಬರಬೇಕು. ಬಂದರೆ ವಾಲ್ವ್ ಸರಿ ಇದೆ.

ಗ್ರೀಸ್_ಕೈ:
ಸದ್ದು ಬಂದರೆ ಪಿನ್ನು ಅಂಟಿಲ್ಲ ಅಂತ ಗೊತ್ತಾಗುತ್ತೆ. ಸ್ಪ್ರಿಂಗ್ ಸೋತಿದೆಯಾ ಅಂತ ಗೊತ್ತಾಗಲ್ಲ. ಸೋತ ಸ್ಪ್ರಿಂಗಿನ ವಾಲ್ವೂ ಟಕ್ ಟಕ್ ಅನ್ನುತ್ತೆ. ಮೂರು ಸಲ ತೊಳೆದೆ ಅಂತೀರಿ, ಮೂರು ಸಲ ಯಾಕೆ ತೊಳೆಯಬೇಕಾಯಿತು?

ಜುಗ್ಗ_ಅಲ್ಲ_ಜಾಣ:
ಆರು ವರ್ಷದಲ್ಲಿ ಮೂರು ಸಲ. ಖರ್ಚು ಪೂರ್ತಿ ಸೇರಿ ಒಂದು ಕ್ಲೀನರ್ ಡಬ್ಬಿ. ನೀವು ಸ್ಪೇರ್ ಮಾರೋರು, ಹೊಸದು ಹಾಕಿ ಅಂತೀರಿ, ಸಹಜ.

ಗ್ರೀಸ್_ಕೈ:
ನಾನು ಸ್ಪೇರ್ ಮಾರಲ್ಲ. 300 ರೂಪಾಯಿ ವಾಲ್ವಿನಲ್ಲಿ ನನಗೆ ಏನು ಬಂಗಲೆ ಕಟ್ಟೋಕೆ ಆಗುತ್ತಾ? ತೊಳೆಯಿರಿ, ಪರೀಕ್ಷೆಗೆ ತೊಳೆಯಿರಿ. ತೊಳೆದ ಮೇಲೆ ಸರಿ ಹೋದರೆ ರೋಗ ಅಲ್ಲೇ ಇತ್ತು ಅಂತ ಗೊತ್ತಾಯಿತು, ಆಮೇಲೆ ಹೊಸದು ತನ್ನಿ. ಅದರ ರಬ್ಬರ್ ಬುಷ್ ಮಾತ್ರ ಹೊಸದೇ ಹಾಕಿ. 14 ವರ್ಷ ಬಿಸಿಯಲ್ಲಿ ಬೆಂದ ರಬ್ಬರ್ ಮುಟ್ಟಿದರೆ ಬಿಸ್ಕತ್ತು.

ಇನ್ನೊಂದು, ನೋಡೋಕೆ ಒಂದೇ ಥರ ಇದೆ ಅಂತ ಯಾವುದೋ ಗಾಡಿಯ ವಾಲ್ವ್ ಹಾಕಬೇಡಿ. ಹೊರಗಿನ ಅಳತೆ ಒಂದೇ ಇರುತ್ತೆ, ಒಳಗಿನ ಸ್ಪ್ರಿಂಗು, ತೂತು ಬೇರೆ. ಪಾರ್ಟ್ ನಂಬರ್ ನೋಡಿಯೇ ತಗೊಳ್ಳಿ.

ವರ್ಕ್‌ಶಾಪ್_ಮೇಡಂ:
ಜಾಣ ಅವರಿಗೆ ಒಂದು ಎಚ್ಚರಿಕೆ. ಸ್ಪ್ರಿಂಗ್ ವಾಲ್ವಿಗೆ ಕ್ಲೀನರ್ ಸರಿ. ಈಗಿನ ಎಷ್ಟೋ ಗಾಡಿಗಳಲ್ಲಿ ಟ್ಯಾಪೆಟ್ ಕವರಿನೊಳಗೇ ತೆಳುವಾದ ರಬ್ಬರ್ ಡಯಾಫ್ರಾಮ್ ಕೂರಿಸಿರುತ್ತಾರೆ. ಅದಕ್ಕೆ ಕ್ಲೀನರ್ ಹೊಡೆದರೆ ರಬ್ಬರ್ ಉಬ್ಬಿ ಹರಿಯುತ್ತದೆ. ಹರಿದರೆ ಕೊಳಲೂದಿದ ಹಾಗೆ ಸದ್ದು ಬರುತ್ತದೆ, ಐಡ್ಲಿಂಗ್ ಕೆಡುತ್ತದೆ. ಕೆಲವದರಲ್ಲಿ ಇಡೀ ಕವರನ್ನೇ ಬದಲಾಯಿಸಬೇಕು.

ಹಿಮದಲ್ಲಿ_ಕನ್ನಡಿಗ:
ಅಮೆರಿಕದ ಮಿನೆಸೋಟಾದಿಂದ ನಮಸ್ಕಾರ. ಮೂಲ ಊರು ಸಾಗರ, ಹಾಗಾಗಿ ಮಳೆ ಲೋಳೆ ಎರಡೂ ಗೊತ್ತು. ಇಲ್ಲಿ ಅದರ ಅಪ್ಪ. ಜನವರಿಯಲ್ಲಿ ಮೈನಸ್ 25 ಡಿಗ್ರಿ. ಮಗಳನ್ನು ಶಾಲೆಗೆ ಬಿಟ್ಟು ಬರೋದು ಎರಡು ಮೈಲಿ, ಎಂಜಿನ್ ಕಾಯುವುದೇ ಇಲ್ಲ. ಪಿಸಿವಿ ಪೈಪಿನೊಳಗೆ ಆ ನೀರಾವಿ ಮಂಜುಗಡ್ಡೆಯಾಗಿ ಗಟ್ಟಿ ಕೂತಿತ್ತು. ಒಂದು ದಿನ ಹೈವೇಗೆ ಏರಿದೆ, ಹತ್ತು ನಿಮಿಷಕ್ಕೆ ಹಿಂದೆ ಹೊಗೆ. ಒಳಗಿನ ಒತ್ತಡ ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲನ್ನು ಹೊರಗೆ ತಳ್ಳಿಬಿಟ್ಟಿತ್ತು. ಸೀಲ್ ಬೆಲೆ ಸಣ್ಣದು. ಅದನ್ನು ಹಾಕೋಕೆ ಗೇರ್‌ಬಾಕ್ಸ್ ಇಳಿಸಬೇಕು, ಇಲ್ಲಿನ ಕೂಲಿ ಕೇಳಿದರೆ ನೀವು ಅಳ್ತೀರಿ. ಆಮೇಲಿಂದ ಪ್ರತಿ ಭಾನುವಾರ ಸುಮ್ನೆ 40 ನಿಮಿಷ ಹೈವೇನಲ್ಲಿ ಓಡಿಸಿ ಬರ್ತೀನಿ. ಹೆಂಡತಿ ಕೇಳಿದರೆ ಎಂಜಿನ್ ಒಣಗಿಸೋಕೆ ಅಂತೀನಿ. ಅವಳು ನಂಬಲ್ಲ.

ಸುಮ್ನೆ_ಬಂದೆ:
ನಾವೂ ನಂಬಲ್ಲ.

ಡೀಸೆಲ್_ದಾಸ:
ನನ್ನದು ಡೀಸೆಲ್. ಬಾನೆಟ್ ಪೂರ್ತಿ ಹುಡುಕಿದೆ, ಈ ವಾಲ್ವೇ ಇಲ್ಲ. ಕದ್ದಿದ್ದಾರಾ?

ಗ್ರೀಸ್_ಕೈ:
ಕದ್ದಿಲ್ಲ. ಡೀಸೆಲ್‌ನಲ್ಲಿ ಪೆಟ್ರೋಲ್ ಥರ ಥ್ರಾಟಲ್ ಎಳೆತ ಇರಲ್ಲ, ಹಾಗಾಗಿ ಆ ಪಿನ್ನಿನ ವಾಲ್ವೂ ಇಲ್ಲ. ಹೊಗೆ ಹೊರಗೆ ಬಿಡೋ ಬ್ರೀದರ್ ಇರುತ್ತೆ, ಎಣ್ಣೆ ಬೇರೆ ಮಾಡೋ ಡಬ್ಬಿ ಇರುತ್ತೆ, ಪೈಪು ಟರ್ಬೋ ಗಾಳಿ ಎಳೆಯೋ ಬಾಯಿಗೆ ಹೋಗುತ್ತೆ. ಅದು ಕಟ್ಟಿದರೆ ಟರ್ಬೋ ಸೀಲ್‌ನಿಂದಲೂ ಎಣ್ಣೆ ಬರುತ್ತೆ. ಟರ್ಬೋದಿಂದ ಎಂಜಿನ್ನಿಗೆ ಗಾಳಿ ಹೋಗೋ ಇಂಟರ್‌ಕೂಲರ್ ಪೈಪಿನಲ್ಲಿ ಎಣ್ಣೆ ಕೊಳ ಕಟ್ಟಿದರೆ ತಡ ಮಾಡಬೇಡಿ. ಡೀಸೆಲ್ ಎಂಜಿನ್ ತನ್ನ ಆಯಿಲ್ಲನ್ನೇ ಎಳೆದು ಉರಿಸೋಕೆ ಶುರು ಮಾಡಿದರೆ ಕೀ ತಿರುಗಿಸಿದರೂ ನಿಲ್ಲಲ್ಲ. ಒಂದು ಸಲ ನೋಡಿದ್ದೇನೆ, ಇನ್ನೊಂದು ಸಲ ನೋಡೋ ಆಸೆ ಇಲ್ಲ.

ಬುಲೆಟ್_ಬಸ್ಯಾ:
ಹಳೇ ಬುಲೆಟ್‌ಗೂ ಬ್ರೀದರ್ ಪೈಪ್ ಇದೆ ರೀ. ತುದಿಯಲ್ಲಿ ಬಾತುಕೋಳಿ ಕೊಕ್ಕಿನ ಥರ ಒಂದು ರಬ್ಬರ್. ಗಾಳಿ ಹೊರಗೆ ಬಿಡುತ್ತೆ, ಒಳಗೆ ಎಳೆಯೋಕೆ ಹೋದರೆ ತುಟಿ ಮುಚ್ಚುತ್ತೆ. ನಾನು ಕಾಲೇಜಿನಲ್ಲಿದ್ದಾಗ ಎಣ್ಣೆ ತೊಟ್ಟಿಕ್ಕುತ್ತೆ ಅಂತ ಜಾಣತನ ಮಾಡಿ ಅದಕ್ಕೆ ಮರದ ಬೆಣೆ ಹೊಡೆದಿದ್ದೆ. ಬೆಳಗಾವಿಯಿಂದ ಗೋಕಾಕ ಮುಟ್ಟುವಷ್ಟರಲ್ಲಿ ಪ್ಯಾಂಟು ಪೂರ್ತಿ ಎಣ್ಣೆ. ತಪ್ಪು ಗಾಡಿದಲ್ಲ, ನಂದು. ಅಜ್ಜಿ ಆ ಪ್ಯಾಂಟನ್ನು ಒಲೆ ಹಚ್ಚೋಕೆ ಬಳಸಿದಳು, ಭಾಳ ಚೆನ್ನಾಗಿ ಹತ್ತಿತಂತೆ.

ಜುಗ್ಗ_ಅಲ್ಲ_ಜಾಣ:
ಮಂಡಿ ಸಾರ್, ಇಷ್ಟೆಲ್ಲ ತಲೆನೋವು ಯಾಕೆ. ಮ್ಯಾನಿಫೋಲ್ಡ್ ಕಡೆಯ ಬಾಯಿಗೆ ಒಂದು ಬಿರಡೆ ಹಾಕಿ, ಎಂಜಿನ್ ಕಡೆಯ ಪೈಪನ್ನು ಕೆಳಗೆ ನೆಲದ ಕಡೆ ಬಿಟ್ಟುಬಿಡಿ. ಎಂಜಿನ್ನಿಗೆ ಎಣ್ಣೆಯೂ ಹೋಗಲ್ಲ, ಒತ್ತಡವೂ ನಿಲ್ಲಲ್ಲ. ಹೊಗೆ ತಪಾಸಣೆಯಲ್ಲೂ ಪಾಸ್ ಆಗುತ್ತೆ, ಅವರು ಸೈಲೆನ್ಸರ್‌ನಲ್ಲಿ ಮಾತ್ರ ಅಳೆಯೋದು.

ವರ್ಕ್‌ಶಾಪ್_ಮೇಡಂ:
ಪಾಸ್ ಆಗುತ್ತದೆ ಅಂದ ಮಾತ್ರಕ್ಕೆ ಸರಿ ಆಗಲಿಲ್ಲ. ಭಾರತ್ ಸ್ಟೇಜ್ ಮಾಲಿನ್ಯ ನಿಯಮದಲ್ಲಿ ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸ್‌ನಿಂದ ಹೊರಗೆ ಅನಿಲ ಬಿಡುವ ಹಾಗೇ ಇಲ್ಲ. ನಿಯಮ ಪಕ್ಕಕ್ಕಿಡಿ. ಆ ವಾಸನೆ ಎಸಿ ಗಾಳಿಯಲ್ಲಿ ನೇರ ಗಾಡಿಯೊಳಗೆ ಬರುತ್ತದೆ, ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ. ಎಳೆಯುವವರಿಲ್ಲದೆ ನೀರಾವಿ ಒಳಗೇ ಉಳಿದು ಕೆಸರು ಜಾಸ್ತಿ ಆಗುತ್ತದೆ. ತೆರೆದ ಬಾಯಿಯಿಂದ ಧೂಳು ಬೇರೆ. ನೀವು ಹೇಳಿದ್ದು 1950ರ ಕಾರು ಮಾಡುವ ವಿಧಾನ.

ಜುಗ್ಗ_ಅಲ್ಲ_ಜಾಣ:
1950ರ ಕಾರುಗಳು ಇನ್ನೂ ಓಡ್ತಿವೆ ಮೇಡಂ.

ವರ್ಕ್‌ಶಾಪ್_ಮೇಡಂ:
ವರ್ಷಕ್ಕೊಮ್ಮೆ, ಮೆರವಣಿಗೆಯಲ್ಲಿ.

ಮಂಡಿ_ಲೆಕ್ಕ:
ಭಾನುವಾರ ಬೆಳಗ್ಗೆ ಕೈ ಹಾಕಿದೆ, ಎಂಜಿನ್ ಪೂರ್ತಿ ತಣ್ಣಗಿತ್ತು. ಏರ್ ಫಿಲ್ಟರ್ ಡಬ್ಬಿ ತೆಗೆದ ಮೇಲೆ ಟ್ಯಾಪೆಟ್ ಕವರಿನ ಮೂಲೆಯಲ್ಲಿ ವಾಲ್ವ್ ಕಂಡಿತು. ಕ್ಲಿಪ್ಪನ್ನು ಪ್ಲೇಯರ್‌ನಲ್ಲಿ ಒತ್ತಿ ಹಿಂದೆ ಸರಿಸಿದೆ. ಪೈಪು ಬರಲಿಲ್ಲ. ಎಳೆದೆ. ಬರಲಿಲ್ಲ. ಇನ್ನೂ ಎಳೆದೆ, ಪೈಪು ಅರ್ಧಕ್ಕೆ ಮುರಿದು ಕೈಗೆ ಬಂತು, ಹಪ್ಪಳದ ಥರ. ಸರಿ, ಪೈಪು ಹೇಗೂ ಹೊಸದು ಬೇಕಿತ್ತು ಅಂದುಕೊಂಡು ವಾಲ್ವ್ ಎತ್ತಿದೆ. ವಾಲ್ವ್ ಬಂತು. ರಬ್ಬರ್ ಬುಷ್ ಅರ್ಧ ಬಂತು. ಇನ್ನರ್ಧ ತೂತಿನೊಳಗೆ ಬಿತ್ತು!!

ವಾಲ್ವ್ ಅಲ್ಲಾಡಿಸಿದರೆ ಒಂದು ಸದ್ದೂ ಇಲ್ಲ. ಒಳಗೆ ಕಪ್ಪು ಟಾರು. ಅದು ಖುಷಿಯ ವಿಷಯ. ಆದರೆ ಬಿದ್ದ ರಬ್ಬರ್ ತುಂಡಿಗೆ ಏನು ಮಾಡಲಿ? ಗಾಡಿ ಸ್ಟಾರ್ಟ್ ಮಾಡಿಲ್ಲ. ಆಯಸ್ಕಾಂತ ಕಡ್ಡಿ ಇಳಿಸಿ ನೋಡಿದೆ.

ಸುಮ್ನೆ_ಬಂದೆ:
ರಬ್ಬರಿಗೆ ಆಯಸ್ಕಾಂತ. ನಮಸ್ಕಾರ ಸಾರ್ 🙏

ಗ್ರೀಸ್_ಕೈ:
ನಗಬೇಡಿ, ಗಾಬರಿಯಲ್ಲಿ ಎಲ್ಲರೂ ಹಾಗೇ. ಸ್ಟಾರ್ಟ್ ಮಾಡದೇ ಇದ್ದದ್ದು ಒಳ್ಳೇದಾಯಿತು. ಆ ತುಂಡು ಕೆಳಗಿಳಿದು ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಂಡರೆ ಆಯಿಲ್ ಏರಲ್ಲ. ಎಷ್ಟೋ ಗಾಡಿಗಳಲ್ಲಿ ತೂತಿನ ಕೆಳಗೇ ಒಂದು ತಗಡಿನ ತಟ್ಟೆ ಇರುತ್ತೆ, ಎಣ್ಣೆ ಎರಚದ ಹಾಗೆ. ತುಂಡು ಅದರ ಮೇಲೇ ಕೂತಿರಬಹುದು. ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಉದ್ದ ಮೂತಿಯ ಚಿಮಟ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಕಡ್ಡಿ ತುದಿಗೆ ಗಟ್ಟಿ ಗ್ರೀಸ್ ಹಚ್ಚಿ ಅಂಟಿಸಿ ಎತ್ತಿ. ಸಿಗದಿದ್ದರೆ ಟ್ಯಾಪೆಟ್ ಕವರ್ ಬಿಚ್ಚಿ, ಹತ್ತು ಬೋಲ್ಟು, ಹೆದರೋದು ಏನಿಲ್ಲ. ಅದರ ಗ್ಯಾಸ್ಕೆಟ್ ಹೇಗೂ ಸೋರ್ತಿದೆ ಅಂದ್ರಲ್ಲ, ಅದನ್ನೂ ಬದಲಾಯಿಸಿದ ಹಾಗಾಗುತ್ತೆ.

ಮುಂದಿನ ಸಲ ಪೈಪ್ ಎಳೆಯಬಾರದು, ಮೊದಲು ತಿರುಚಬೇಕು. ತಿರುಗಿದರೆ ಬರುತ್ತೆ.

ಕರಾವಳಿ_ಕಾರು:
ಹೊಸ ಪೈಪ್ ತರುವಾಗ ನೋಡಿಕೊಳ್ಳಿ. ನಾನು ಒಮ್ಮೆ ಅಂಗಡಿಯಲ್ಲಿ ಸಿಕ್ಕ ಪಾರದರ್ಶಕ ನೀರಿನ ಪೈಪ್ ಹಾಕಿದ್ದೆ, ಒಳಗೆ ಏನು ಹೋಗುತ್ತೆ ಕಾಣಲಿ ಅಂತ. ಒಂದು ವಾರಕ್ಕೆ ಬಿಸಿಗೆ ಮೆತ್ತಗಾಗಿ ಎಳೆತಕ್ಕೆ ಚಪ್ಪಟೆ ಆಯಿತು. ಆಯಿಲ್ಲಿಗೂ ಪೆಟ್ರೋಲಿಗೂ ತಡೆಯೋ ರಬ್ಬರ್ ಪೈಪೇ ಆಗಬೇಕು. ಬಾಗಿದ ಪೈಪ್ ಇದ್ದರೆ ಅದೇ ಬಾಗಿನದ್ದೇ ತನ್ನಿ, ನೇರ ಪೈಪ್ ಬಗ್ಗಿಸಿದರೆ ಮಡಚಿಕೊಳ್ಳುತ್ತೆ.

ಮೊದಲು ಹೆಡ್ ಗ್ಯಾಸ್ಕೆಟ್ ಅಂತ ಹೆದರಿಸಿದ್ದಕ್ಕೆ ಬೇಜಾರಿಲ್ಲ ತಾನೇ 😀

ಮಂಡಿ_ಲೆಕ್ಕ:
ಬೇಜಾರಿಲ್ಲ, ಒಂದು ರಾತ್ರಿ ನಿದ್ದೆ ಬರಲಿಲ್ಲ ಅಷ್ಟೇ.

ತುಂಡು ಸಿಕ್ಕಿತು! ತಗಡಿನ ತಟ್ಟೆ ಮೇಲೇ ಇತ್ತು. ಮಗಳ ಚಿತ್ರಕಲೆ ಡಬ್ಬಿಯ ಚಿಮಟ ಕೆಲಸಕ್ಕೆ ಬಂತು. ಎರಡು ಅರ್ಧವನ್ನೂ ಜೋಡಿಸಿ ನೋಡಿದೆ, ಎಲ್ಲೂ ಚೂರು ಬಾಕಿ ಇಲ್ಲ.

ವಾಲ್ವ್ 280, ಬುಷ್ 60, ಪೈಪ್ 190, ಎರಡು ಕ್ಲಿಪ್ 40. ಒಟ್ಟು 570. ಅಂಗಡಿಯವನು ಮೊದಲು ಬೇರೆ ಯಾವುದೋ ವಾಲ್ವ್ ಕೊಟ್ಟು ಇದೇ ಆಗುತ್ತೆ ಅಂದ. ಗ್ರೀಸ್ ಅಣ್ಣನ ಮಾತು ನೆನಪಾಗಿ ನಂಬರ್ ಹೋಲಿಸಿದೆ, ಆಗಲಿಲ್ಲ. ಮೂರು ದಿನ ಕಾದು ತರಿಸಿಕೊಂಡೆ. ಹೊಸ ಗಾಳಿ ಬರುವ ಪೈಪೂ ತೆಗೆದು ನೋಡಿದೆ, ಅದರಲ್ಲಿ ಬೆರಳು ದಪ್ಪದ ಲೋಳೆ. ತೊಳೆದೆ. ಈಗ ಸರಿ ಕೂತಿದೆಯಾ ಅಂತ ಹೇಗೆ ಪರೀಕ್ಷೆ ಮಾಡಲಿ?

ಜಯನಗರ_4ನೇ_ಬ್ಲಾಕ್:
ಗಾಡಿ ಐಡ್ಲಿಂಗ್‌ನಲ್ಲಿ ಇಟ್ಟು ಆಯಿಲ್ ಮುಚ್ಚಳ ತೆಗೆದು, ಆ ಬಾಯಿ ಮೇಲೆ ತೆಳುವಾದ ಕಾಗದ ಇಡಿ. ಒಳಗೆ ಎಳೆದು ಹಿಡಿಯಬೇಕು. ಹೊರಗೆ ಹಾರಿದರೆ ಇನ್ನೂ ಒತ್ತಡ ಇದೆ. ಇನ್ನೊಂದು, ವಾಲ್ವ್ ಪೈಪನ್ನು ಬಟ್ಟೆ ಸುತ್ತಿ ಪ್ಲೇಯರ್‌ನಲ್ಲಿ ಮೆಲ್ಲಗೆ ಒತ್ತಿ. ಐಡ್ಲಿಂಗ್ ಸ್ವಲ್ಪ ಬದಲಾಗಬೇಕು. ಏನೂ ಬದಲಾಗದಿದ್ದರೆ ದಾರಿ ಇನ್ನೂ ಕಟ್ಟಿದೆ. ಫ್ಯಾನ್ ತಾನಾಗಿ ಆನ್ ಆಗುತ್ತೆ, ಕೈ, ಪಂಚೆ, ಟವೆಲ್ ದೂರ ಇಡಿ.

ಬುಲೆಟ್_ಬಸ್ಯಾ:
ಬಾಣದ ಗುರುತು ನೋಡಿ ಹಾಕಿದ್ರಲ್ಲ? ನಮ್ಮ ಓಣಿಯಲ್ಲಿ ಒಬ್ಬರು ವಾಲ್ವ್ ಉಲ್ಟಾ ಹಾಕಿ, ಹೊಸ ವಾಲ್ವ್ ಡೂಪ್ಲಿಕೇಟು ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗಿದ್ದರು. ಎಂಜಿನ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಮ್ಯಾನಿಫೋಲ್ಡ್ ಕಡೆಯಿಂದ ಊದಿದರೆ ತಡೆಯಬೇಕು. ಹಳೇ ವಾಲ್ವಿಗೆ ಬಾಯಿ ಹಾಕಬೇಡಿ, ಒಂದು ಪೈಪ್ ತುಂಡು ಸಿಕ್ಕಿಸಿ ಊದಿ. ಒಳಗಿರೋದು ವಿಷ.

ಮಂಡಿ_ಲೆಕ್ಕ:
ಕಾಗದ ಒಳಗೆ ಅಂಟಿತು. ಬಾಣವೂ ಸರಿ ಇದೆ. ಐಡ್ಲಿಂಗ್ ಮೊದಲಿಗಿಂತ ಮೆತ್ತಗಾಗಿದೆ. ಇನ್ನು ಸಾವಿರ ಕಿ.ಮೀ. ಓಡಿಸಿ ಬಂದು ಬರೀತೀನಿ.

ಗ್ರೀಸ್_ಕೈ:
ಓಡಿಸೋ ಮೊದಲು ಆಯಿಲ್ ಬದಲಾಯಿಸಿ. ಹಳೇ ಆಯಿಲ್‌ನಲ್ಲಿ ನೀರು ಪೆಟ್ರೋಲ್ ಎಲ್ಲ ಸೇರಿಕೊಂಡಿದೆ. ಮತ್ತೆ ಯಾರ ಹತ್ತಿರವಾದರೂ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಿ. ವಾಲ್ವ್ ಕಟ್ಟಿತ್ತು ಅಂದ ಮಾತ್ರಕ್ಕೆ ರಿಂಗ್ ಚೆನ್ನಾಗಿದೆ ಅಂತಲ್ಲ. ಎರಡೂ ಇರಬಹುದು.

ಡೀಸೆಲ್_ದಾಸ:
ಎರಡು ತಿಂಗಳಾಯಿತು, ಮಂಡಿ ಸಾರ್ ಎಲ್ಲಿ? ಎಂಜಿನ್ ಇದೆಯಾ?

ಮಂಡಿ_ಲೆಕ್ಕ:
ಇದ್ದೇನೆ, ಎಂಜಿನ್ನೂ ಇದೆ. ಹೊಸ ಅಡಿಕೆ ಬಂತು, ಮಂಡಿಯಲ್ಲಿ ತಲೆ ಎತ್ತೋಕೆ ಪುರಸೊತ್ತಿರಲಿಲ್ಲ.

1,400 ಕಿ.ಮೀ. ಓಡಿತು. ಡಿಪ್‌ಸ್ಟಿಕ್ ಒಮ್ಮೆಯೂ ಮೇಲೆ ಬಂದಿಲ್ಲ, ಆಗುಂಬೆ ಎರಡು ಸಲ ಹತ್ತಿದೆ. ಏರ್ ಫಿಲ್ಟರ್ ಒಣಗಿದೆ. ಮುಚ್ಚಳದ ಲೋಳೆ ಕಾಲು ಭಾಗಕ್ಕೆ ಇಳಿದಿದೆ. ಮಿನೆಸೋಟಾದವರ ಹಾಗೆ ಭಾನುವಾರ ತೀರ್ಥಹಳ್ಳಿಗೆ ಹೋಗಿ ಬರ್ತೀನಿ, ನನ್ನ ಹೆಂಡತಿಯೂ ನಂಬಲ್ಲ. ಕಂಪ್ರೆಷನ್ ಬೇರೆ ಗ್ಯಾರೇಜ್‌ನಲ್ಲಿ ನೋಡಿಸಿದೆ, 600 ತಗೊಂಡರು. ನಾಲ್ಕು ಸಿಲಿಂಡರಿಗೆ 165, 160, 165, 158 ಪಿಎಸ್‌ಐ. ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದರೂ ಹೆಚ್ಚೇನೂ ಏರಲಿಲ್ಲ, ರಿಂಗ್ ಸವೆದಿದ್ದರೆ ಏರಬೇಕಿತ್ತಂತೆ. ರಿಂಗ್ ಚೆನ್ನಾಗಿದೆ ಅಂದರು. 42 ಸಾವಿರ ಉಳಿಯಿತು.

ಆದರೆ ಪೂರ್ತಿ ನಿಂತಿಲ್ಲ. 1,400ಕ್ಕೆ ಸುಮಾರು 350 ಎಂ.ಎಲ್. ಇಳಿದಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಒಂದು ಮುಷ್ಟಿ ನೀಲಿ ಹೊಗೆ, ಆಮೇಲೆ ಏನಿಲ್ಲ.

ಜುಗ್ಗ_ಅಲ್ಲ_ಜಾಣ:
350 ಎಂ.ಎಲ್. ಅಂದರೆ ಏನೂ ಅಲ್ಲ. ಹಾಕ್ತಾ ಓಡಿಸಿ. ಈ ಮಾತಿಗಾದರೂ ಮೇಡಂ ಒಪ್ಪಬೇಕು.

ವರ್ಕ್‌ಶಾಪ್_ಮೇಡಂ:
ಒಪ್ಪಿದೆ, ಅರ್ಧ. ಸದ್ಯಕ್ಕೆ ಓಡಿಸಬಹುದು, ಅಳತೆ ಬರೆದಿಡಿ. ಆದರೆ ಎಣ್ಣೆ ಉರಿಯುತ್ತಲೇ ಇದ್ದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ನಿಧಾನಕ್ಕೆ ಸಾಯುತ್ತದೆ. ಅದರ ಬೆಲೆ ಒಮ್ಮೆ ವಿಚಾರಿಸಿ ನೋಡಿ.

ಗ್ರೀಸ್_ಕೈ:
ಬೆಳಗ್ಗೆ ಮಾತ್ರ ಒಂದು ಮುಷ್ಟಿ ನೀಲಿ ಹೊಗೆ ಅಂದರೆ ವಾಲ್ವ್ ಸ್ಟೆಮ್ ಸೀಲ್. ಪಿಸಿವಿ ಅಲ್ಲ, ಸಿಲಿಂಡರ್ ಮೇಲಿನ ವಾಲ್ವ್‌ಗಳ ಕಡ್ಡಿಗೆ ಎಣ್ಣೆ ಇಳಿಯದ ಹಾಗೆ ಹಾಕಿರೋ ಸೀಲ್. ರಾತ್ರಿಯೆಲ್ಲ ತೊಟ್ಟು ತೊಟ್ಟು ಇಳಿದದ್ದು ಬೆಳಗ್ಗೆ ಉರಿಯುತ್ತೆ. ಅದಕ್ಕೂ ಎಂಜಿನ್ ಇಳಿಸಬೇಕಿಲ್ಲ, ಹೆಡ್ಡೂ ಬಿಚ್ಚಬೇಕಿಲ್ಲ. ಪ್ಲಗ್ ತೂತಿನಿಂದ ಸಿಲಿಂಡರ್ ಒಳಗೆ ಹಗ್ಗ ತುಂಬಿಸಿ, ಪಿಸ್ಟನ್ ಮೇಲೆ ತಂದರೆ ಹಗ್ಗ ವಾಲ್ವನ್ನು ಕೆಳಗೆ ಬೀಳದ ಹಾಗೆ ಹಿಡಿಯುತ್ತೆ. ಮೇಲಿಂದಲೇ ಸ್ಪ್ರಿಂಗ್ ತೆಗೆದು ಸೀಲ್ ಬದಲಾಯಿಸಬಹುದು. ಹಗ್ಗದ ಒಂದು ತುದಿ ಹೊರಗೇ ಇರಬೇಕು, ನೆನಪಿರಲಿ.

ಜಯನಗರ_4ನೇ_ಬ್ಲಾಕ್:
ಹಗ್ಗಾನಾ? ನಿಜವಾಗ್ಲೂ?

ಮಂಡಿ_ಲೆಕ್ಕ:
ಮಂಡಿಯಲ್ಲಿ ಹಗ್ಗಕ್ಕೆ ಬರ ಇಲ್ಲ ಅಣ್ಣ. ಮೂಟೆ ಕಟ್ಟೋ ಸೆಣಬಿನ ಹಗ್ಗ ಆಗುತ್ತಾ?

ಗ್ರೀಸ್_ಕೈ:
ಬೇಡ್ರೀ ಬೇಡ! ಅದರ ನಾರು ಪೂರ್ತಿ ಒಳಗೆ ಉದುರುತ್ತೆ, ಅದನ್ನು ತೆಗೆಯೋಕೆ ಮತ್ತೆ ಮಗಳ ಚಿಮಟ ಕೇಳ್ತೀರಿ. ನೈಲಾನ್ ಹಗ್ಗ ತನ್ನಿ, ಹೊಸದು.